ಆಪ್ತಸಾಕ್ಷಿಯ ಪ್ರಶ್ನೆ: ಸ್ವಯಂಚಾಲಿತ ಕರಾರುಗಳೂ ಮಳೆಯ ಲೆಕ್ಕವೂ

ಬ್ಲಾಕ್‌ಚೈನ್ ಎಂಬ ಹೊಸ ಬಗೆಯ ಲೆಕ್ಕದ ಪುಸ್ತಕವನ್ನು ಕುರಿತು ಈಚೆಗೆ ಪ್ರಕಟವಾಗುತ್ತಿರುವ ಬರೆಹಗಳಲ್ಲಿ ‘ವಿಶ್ವಾಸಾರ್ಹ ಆಕರ’ ಎಂಬ ಮಾತು ಪದೇ ಪದೇ ಬರುತ್ತದೆ. ಆಕರವೆಂಬುದು ಇತಿಹಾಸಕಾರನ ನಿತ್ಯದ ಸಾಮಗ್ರಿ. ಅದನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಪರೀಕ್ಷಿಸುವುದು ಅವನ ಕಸಬಿನ ಮೊದಲನೆಯ ಪಾಠ. ಆದುದರಿಂದ ಗಣಕಶಾಸ್ತ್ರಜ್ಞರ ಕ್ಷೇತ್ರಕ್ಕೆ ಇತಿಹಾಸದ ಅಧ್ಯಾಪಕನೊಬ್ಬನು ಕಾಲಿಡುವುದು ಕೇವಲ ಅನಧಿಕಾರಚೇಷ್ಟೆಯೆಂದು ವಾಚಕರು ಭಾವಿಸಲಾರರೆಂದು ನಂಬಿದ್ದೇನೆ. ಈ ಸಾಹಿತ್ಯದಲ್ಲಿ ಆಕರಪರೀಕ್ಷೆಯೆಂಬ ಹೆಸರಿನಿಂದ ನಡೆಯುತ್ತಿರುವುದು ಯಾವುದು, ಅದರಲ್ಲಿ ಬಿಟ್ಟುಹೋದುದು ಯಾವುದು, ಎಂಬುದನ್ನು ವಿಚಾರಿಸುವುದಷ್ಟೇ ಇಲ್ಲಿಯ ಉದ್ದೇಶ.

ಮೊದಲು ವಿಷಯದ ಸ್ವರೂಪವನ್ನು ಸಂಗ್ರಹವಾಗಿ ಹೇಳಬೇಕು. ಕರಾರಿನ ಷರತ್ತುಗಳನ್ನು ಕಾಗದದ ಮೇಲೆ ಬರೆಯುವುದಕ್ಕೆ ಬದಲಾಗಿ ಯಂತ್ರಕ್ಕೆ ತಿಳಿಯುವ ಆಜ್ಞೆಗಳ ರೂಪದಲ್ಲಿ ಬರೆದಿಟ್ಟರೆ, ಷರತ್ತು ಈಡೇರಿದೊಡನೆ ಹಣ ತಾನಾಗಿಯೇ ಕೈ ಬದಲಾಗುವಂತೆ ಮಾಡಬಹುದೆಂಬ ಕಲ್ಪನೆಯನ್ನು ನಿಕ್ ಸ್ಯಾಬೊ ಎಂಬ ವಿದ್ವಾಂಸರು 1994ರ ಸುಮಾರಿನಲ್ಲಿ ಮಂಡಿಸಿ, ಅದಕ್ಕೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂದು ಹೆಸರಿಟ್ಟರು. ನಾಣ್ಯ ಹಾಕಿದರೆ ತಿಂಡಿಯ ಪೊಟ್ಟಣವನ್ನು ಉದುರಿಸುವ ಯಂತ್ರವು ಅವರು ಕೊಟ್ಟ ದೃಷ್ಟಾಂತ. 2008ರಲ್ಲಿ ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ ಬಿಟ್‌ಕಾಯಿನ್ ಯೋಜನೆ ಪ್ರಕಟವಾಯಿತು. 2015ರಲ್ಲಿ ಇಥೀರಿಯಂ ಆರಂಭವಾದ ಮೇಲೆ ಇಂಥ ಕರಾರುಗಳು ವ್ಯಾಪಕವಾಗಿ ಬಳಕೆಗೆ ಬಂದವು. ಒಂದೇ ಲೆಕ್ಕದ ಪುಸ್ತಕದ ಪ್ರತಿಗಳು ಸಾವಿರಾರು ಗಣಕಗಳಲ್ಲಿ ಇರುವುದರಿಂದಲೂ, ಪ್ರತಿಯೊಂದು ಪುಟವು ಹಿಂದಿನ ಪುಟದ ಗುರುತನ್ನು ಹೊತ್ತಿರುವುದರಿಂದಲೂ, ಒಮ್ಮೆ ಬರೆದುದನ್ನು ಒಬ್ಬನೇ ಗುಟ್ಟಾಗಿ ತಿದ್ದುವುದು ಅಸಾಧ್ಯಪ್ರಾಯವಾಗಿದೆ. ಇಲ್ಲಿಯವರೆಗೆ ಆಕ್ಷೇಪಣೆಗೆ ಎಡೆಯಿಲ್ಲ.

ತೊಡಕು ಹುಟ್ಟುವುದು ಕರಾರು ಹೊರಲೋಕದ ಸಂಗತಿಯೊಂದನ್ನು ಅವಲಂಬಿಸಿದಾಗ. ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನಲ್ಲಿ, ವೀರಭದ್ರೇಶ್ವರನ ಗುಡಿಯ ಊರಿನಲ್ಲಿ, ಎರೆಹೊಲವುಳ್ಳ ಒಬ್ಬ ಒಕ್ಕಲಿಗನು ಇಂಥ ಕರಾರೊಂದನ್ನು ಮಾಡಿಕೊಂಡನೆಂದು ಭಾವಿಸೋಣ. ಮುಂಗಾರಿನ ಇಂತಿಷ್ಟು ದಿನಗಳಲ್ಲಿ ಇಂತಿಷ್ಟು ಮಿಲಿಮೀಟರಿಗಿಂತ ಕಡಿಮೆ ಮಳೆಯಾದರೆ ಇಂತಿಷ್ಟು ಹಣ ಅವನ ಖಾತೆಗೆ ಜಮೆಯಾಗತಕ್ಕದ್ದು. ಈ ಸೀಮೆಯ ಮಳೆಯ ಚಪಲವನ್ನು ಬಲ್ಲವರಿಗೆ ಈ ಕರಾರಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಹೆಸರನ್ನು ಹೊತ್ತ ಏತ ನೀರಾವರಿ ಯೋಜನೆ ಇದ್ದರೂ, ಕಾಲುವೆ ತಲಪದ ಹೊಲದವನಿಗೆ ಮುಗಿಲೇ ಗತಿ. ಕರಾರಿನ ಯಂತ್ರವು ಲೆಕ್ಕದಲ್ಲಿ ತಪ್ಪದು, ಲಂಚ ಮುಟ್ಟದು, ತಡಮಾಡದು. ಆದರೆ ಅದು ಮಳೆಯನ್ನು ಕಾಣದು. ಮಳೆಯಾಯಿತೋ ಇಲ್ಲವೋ ಎಂಬುದನ್ನು ಯಾರಾದರೂ ಅದಕ್ಕೆ ಹೇಳಬೇಕು.

ಈ ಹೇಳುವವನಿಗೆ ಗಣಕಶಾಸ್ತ್ರಜ್ಞರು ಇಟ್ಟಿರುವ ಹೆಸರು ಒರಾಕಲ್. ಎಂದರೆ ದೇವವಾಣಿಯನ್ನು ನುಡಿಯುವವನು. ನಮ್ಮವರಿಗೆ ಈ ಹೆಸರು ಹೊಸತೆನಿಸಲಾರದು. ತುಂಗಭದ್ರೆಯ ಆಚೆಯ ದಡದ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಭಾರತ ಹುಣ್ಣಿಮೆಯ ಜಾತ್ರೆಯ ಸಂದರ್ಭದಲ್ಲಿ ಗೊರವಯ್ಯನು ಬಿಲ್ಲನ್ನೇರಿ, ಸದ್ದಡಗಿಸಿ, ಒಂದೇ ವಾಕ್ಯದ ಕಾರಣಿಕವನ್ನು ನುಡಿಯುತ್ತಾನೆ. ಆ ವರ್ಷದ ಮಳೆಬೆಳೆಯನ್ನು ಅದರಿಂದ ಊಹಿಸುವ ರೂಢಿ ಈ ಸೀಮೆಯಲ್ಲಿ ಎಲ್ಲರಿಗೂ ತಿಳಿದುದೇ. ಆದರೆ ಕಾರಣಿಕಕ್ಕೆ ಅರ್ಥ ಹಚ್ಚುವವರು ಜನ. ಒಂದು ವಾಕ್ಯಕ್ಕೆ ನಾಲ್ಕು ಅರ್ಥ ಹುಟ್ಟುತ್ತದೆ, ವಾದ ನಡೆಯುತ್ತದೆ, ಸುಗ್ಗಿಯ ಹೊತ್ತಿಗೆ ಅರ್ಥವು ತಾನೇ ನೆಲೆಗೊಳ್ಳುತ್ತದೆ. ಸ್ವಯಂಚಾಲಿತ ಕರಾರಿಗೆ ಈ ಸಾವಕಾಶವಿಲ್ಲ. ಅದರ ಒರಾಕಲ್ ನುಡಿದುದೇ ಅರ್ಥ, ಅದೇ ತೀರ್ಪು, ಅದೇ ಪಾವತಿ. ಹೆಸರಿಟ್ಟವರು ಈ ಭೇದವನ್ನು ಗಮನಿಸಿದಂತೆ ತೋರುವುದಿಲ್ಲ.

ಮಳೆಯ ಅಳತೆಯ ಮೇಲೆ ಹಣ ಸಲ್ಲಿಸುವ ಕರಾರಿನ ಯೋಚನೆ ಹೊಸದೆಂದು ತಿಳಿಯುವವರು ಮೈಸೂರು ಸಂಸ್ಥಾನದ ಒಂದು ಪುಸ್ತಕವನ್ನು ನೋಡಬೇಕು. ಆ ಸಂಸ್ಥಾನದ ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿಯವರು 1920ರಲ್ಲಿ ವ್ಯವಸಾಯ ವಿಮೆಯನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರತಿಯೊಬ್ಬ ರೈತನ ನಷ್ಟವನ್ನು ಪ್ರತ್ಯೇಕವಾಗಿ ಅಳೆಯುವ ಗೋಜಿಗೆ ಹೋಗದೆ, ಒಂದು ಪ್ರದೇಶದ ಮಳೆಯ ಕೊರತೆಯನ್ನೇ ಆಧಾರವಾಗಿಟ್ಟುಕೊಂಡು ಪರಿಹಾರ ಕೊಡುವ ಕ್ರಮವನ್ನು ಸೂಚಿಸಿದ್ದರು. ಯೋಜನೆ ಆಗ ಕಾರ್ಯರೂಪಕ್ಕೆ ಬರಲಿಲ್ಲ. 2007ರ ಮುಂಗಾರಿನಲ್ಲಿ ಹವಾಮಾನ ಆಧಾರಿತ ಬೆಳೆವಿಮೆಯನ್ನು ಪ್ರಯೋಗಾರ್ಥವಾಗಿ ಆರಂಭಿಸಿದಾಗ ಅದಕ್ಕೆ ಆರಿಸಿದ ರಾಜ್ಯವೂ ಕರ್ನಾಟಕವೇ. ಎಂಬತ್ತೇಳು ವರ್ಷಗಳ ಅಂತರದ ಈ ಎರಡು ಯೋಜನೆಗಳಿಗೂ ಇಂದಿನ ಯಂತ್ರದ ಕರಾರಿಗೂ ತರ್ಕವು ಒಂದೇ: ರೈತನ ಮಾತನ್ನೂ ಅಧಿಕಾರಿಯ ಮಾತನ್ನೂ ಬದಿಗಿಟ್ಟು ಮಾಪಕದ ಮಾತನ್ನು ಕೇಳುವುದು. ಚಕ್ರವರ್ತಿಯವರ ಗ್ರಂಥವನ್ನು ನಮ್ಮ ಕಾಲೇಜುಗಳಲ್ಲಿ ಅರ್ಥಶಾಸ್ತ್ರದವರು ಓದಿಸುವುದಿಲ್ಲ, ಇತಿಹಾಸದವರು ಕೇಳಿಯೂ ಇಲ್ಲ. ಇದು ಖೇದದ ಸಂಗತಿ.

ಈಗ ಹೊಸ ಸಾಹಿತ್ಯಕ್ಕೆ ಬರೋಣ. ಒರಾಕಲ್ ಸಮಸ್ಯೆಯನ್ನು ಪರಿಹರಿಸಲು ಹೊರಟ ಬರೆಹಗಳಲ್ಲಿ 2017ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಚೈನ್‌ಲಿಂಕ್ ಪ್ರಬಂಧವು ಮುಖ್ಯವಾದುದು. ಅದರ ಕರ್ತೃಗಳು ಸ್ಟೀವ್ ಎಲಿಸ್, ಆರಿ ಜ್ಯೂಯೆಲ್ಸ್ ಮತ್ತು ಸೆರ್ಗೆ ನಜಾರೊವ್. ಅದರ ಸೂಚನೆಗಳ ಸಾರ ಹೀಗಿದೆ. ಆಕರ ಒಂದೇ ಇರಬಾರದು, ಹಲವಿರಬೇಕು. ಆಕರದಿಂದ ಸುದ್ದಿ ತರುವವರೂ ಹಲವರಿರಬೇಕು. ಒಬ್ಬನು ಮತ್ತೊಬ್ಬನ ಉತ್ತರವನ್ನು ನಕಲು ಮಾಡದಂತೆ ಎಲ್ಲರೂ ಮೊದಲು ಮುಚ್ಚಿದ ಲಕೋಟೆಯಂತೆ ಉತ್ತರ ಸಲ್ಲಿಸಿ ಬಳಿಕ ಬಿಚ್ಚಬೇಕು. ಹಿಂದೆ ಸರಿಯಾಗಿ ನುಡಿದವರ ಕೀರ್ತಿಯ ಲೆಕ್ಕ ಇಡಬೇಕು. ಸುಳ್ಳು ನುಡಿದವನು ಠೇವಣಿ ಕಳೆದುಕೊಳ್ಳಬೇಕು. ಮಧ್ಯೆ ಯಾರೂ ಕೈಯಾಡಿಸದಂತೆ ಭದ್ರವಾದ ಯಂತ್ರಾಂಶದೊಳಗೆ ಸುದ್ದಿಯನ್ನು ಸಾಗಿಸಬೇಕು. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿ ಅಭ್ಯಾಸವಿರುವ ನಮ್ಮಂಥವರಿಗೆ ಲಕೋಟೆಯ ಉಪಾಯವು ಬಹಳ ಮೆಚ್ಚುಗೆಯಾಗುತ್ತದೆ. ಪ್ರಬಂಧವು ಪ್ರಾಮಾಣಿಕವಾದುದೂ ಹೌದು: ಆಕರಗಳು ಒಂದನ್ನೊಂದು ಆಶ್ರಯಿಸಿರಬಹುದು, ಆಗ ಅವುಗಳ ತಪ್ಪುಗಳೂ ಜೊತೆಗೂಡಿ ಬರಬಹುದು, ಎಂಬುದನ್ನು ಅದು ಮರೆಮಾಚುವುದಿಲ್ಲ.

ಆದರೂ ಈ ಸೂಚನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ನಮ್ಮ ನೈಯಾಯಿಕರು ಶಬ್ದಪ್ರಮಾಣವನ್ನು ವಿಚಾರಿಸುವಾಗ, ಯಾರ ಮಾತು ಪ್ರಮಾಣವೋ ಆತನನ್ನು ಆಪ್ತನೆಂದು ಕರೆದರು. ಆತನು ವಿಷಯವನ್ನು ಸ್ವತಃ ತಿಳಿದವನಾಗಿರಬೇಕು. ತಿಳಿದುದನ್ನು ತಿಳಿದಂತೆಯೇ ಹೇಳುವ ಇಚ್ಛೆಯುಳ್ಳವನಾಗಿರಬೇಕು. ಆತನ ಕುಲವಾಗಲಿ ಪದವಿಯಾಗಲಿ ಗಣನೆಗೆ ಬಾರದೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಸ್ಪಷ್ಟಪಡಿಸಿದ್ದಾನೆ. ಠೇವಣಿ, ದಂಡ, ಕೀರ್ತಿ, ಲಕೋಟೆ, ಇವೆಲ್ಲವೂ ಎರಡನೆಯ ಲಕ್ಷಣಕ್ಕೆ, ಎಂದರೆ ಹೇಳುವ ಇಚ್ಛೆಗೆ, ಸಂಬಂಧಿಸಿದುವು. ಯಂತ್ರಾಂಶವೂ ಸಹಿಮುದ್ರೆಯೂ ಮಾತು ದಾರಿಯಲ್ಲಿ ಕೆಡದಂತೆ ಕಾಯುವುವು. ತಿಳಿದವನೇ ಎಂಬ ಮೊದಲನೆಯ ಲಕ್ಷಣವನ್ನು ಪರೀಕ್ಷಿಸುವ ಉಪಾಯ ಇವುಗಳಲ್ಲಿ ಯಾವುದು? ಸುಳ್ಳು ಹೇಳಿದರೆ ನಷ್ಟವೆಂಬ ಭಯವು ಸುಳ್ಳನ್ನು ತಡೆಯಬಹುದು, ಅಜ್ಞಾನವನ್ನು ತಡೆಯಲಾರದು.

ಮುದ್ರೆಯು ಸಾಚಾ ಆಗಿರುವುದು ಬೇರೆ, ಮುದ್ರೆಯೊಳಗಿನ ಮಾತು ನಿಜವಾಗಿರುವುದು ಬೇರೆ, ಎಂಬುದನ್ನು ಶಾಸನಾಭ್ಯಾಸಿಗಳಿಗೆ ಹೇಳಬೇಕಾದುದಿಲ್ಲ. ನಿದರ್ಶನಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ಈ ಜಿಲ್ಲೆಯ ಲಕ್ಷ್ಮೇಶ್ವರವೇ ಇದೆ. ಅಲ್ಲಿಯ ಶಂಖ ಬಸದಿಗೆ ಸಂಬಂಧಿಸಿದ ಶಿಲಾಶಾಸನದಲ್ಲಿ ಬಾದಾಮಿ ಚಾಲುಕ್ಯರಾದ ವಿನಯಾದಿತ್ಯ, ವಿಜಯಾದಿತ್ಯ, ಎರಡನೆಯ ವಿಕ್ರಮಾದಿತ್ಯರ ಕಾಲದವೆಂದು ಹೇಳಿಕೊಳ್ಳುವ ದತ್ತಿಗಳು ಬರೆಯಲ್ಪಟ್ಟಿವೆ. ಆದರೆ ಲಿಪಿಯು ಆ ಅರಸರ ಕಾಲದ್ದಲ್ಲ, ಬಹುಕಾಲದ ಅನಂತರದ್ದು. ಇವನ್ನು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದ ಜೆ. ಎಫ್. ಫ್ಲೀಟರು ಇವುಗಳ ಪ್ರಾಮಾಣ್ಯವನ್ನು ಸಂಶಯದಿಂದ ಕಂಡರು. ಹಳೆಯ ತಾಮ್ರಪಟಗಳು ಸವೆಯುತ್ತ ಬಂದುದರಿಂದ ಅವುಗಳ ಪ್ರತಿಯನ್ನು ಕಲ್ಲಿನಲ್ಲಿ ಉಳಿಸಿದರೆ? ಅಥವಾ ಬಸದಿಯ ಭೂಮಿಯ ಹಕ್ಕನ್ನು ಬಲಪಡಿಸಲು ಹಳೆಯ ಹೆಸರುಗಳನ್ನು ತಂದು ಸೇರಿಸಿದರೆ? ಕಲ್ಲು ಇದಕ್ಕೆ ಉತ್ತರ ಕೊಡುವುದಿಲ್ಲ. ಕೆತ್ತಿದ ದಿನದಿಂದ ಇಂದಿನವರೆಗೆ ಒಂದಕ್ಷರವೂ ಬದಲಾಗಿಲ್ಲವೆಂದು ಮಾತ್ರ ಅದು ಸಾಕ್ಷಿ ನುಡಿಯಬಲ್ಲುದು. ಬ್ಲಾಕ್‌ಚೈನೂ ಅಷ್ಟನ್ನೇ ನುಡಿಯಬಲ್ಲುದು. ಅದರ ಅಚಲತ್ವವನ್ನು ಹೊಗಳುವವರು ಅಚಲತ್ವವು ಪ್ರತಿ ಮಾಡಿದ ಗಳಿಗೆಯಿಂದ ಮುಂದಕ್ಕೆ ಮಾತ್ರ ಸಲ್ಲುತ್ತದೆಂಬುದನ್ನು ಮರೆಯಬಾರದು. ಫ್ಲೀಟರು 1901ರಲ್ಲಿ ಭಾರತದ ಕೂಟಶಾಸನಗಳ ಪಟ್ಟಿಯನ್ನು ಪ್ರಕಟಿಸಿದಾಗ, ಅದರಲ್ಲಿ ಸೇರಿದ ತಾಮ್ರಪಟಗಳ ಲೋಹದಲ್ಲಿ ಯಾವ ದೋಷವೂ ಇರಲಿಲ್ಲ.

ಹಲವು ಸಾಕ್ಷಿಗಳನ್ನು ಕೂಡಿಸಿ ನಡುವಣ ಬೆಲೆಯನ್ನು ಸ್ವೀಕರಿಸುವ ಉಪಾಯವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಏಳು ಆಕರಗಳಲ್ಲಿ ಒಂದೋ ಎರಡೋ ಹುಚ್ಚುಚ್ಚಾಗಿ ನುಡಿದರೂ ನಡುವಿನದು ಅಲುಗುವುದಿಲ್ಲವೆಂಬುದು ಗಣಿತದ ದೃಷ್ಟಿಯಿಂದ ನಿಜ. ಆದರೆ 2019ರ ಜೂನ್ 25ರಂದು ಸಿಂಥೆಟಿಕ್ಸ್ ಎಂಬ ವ್ಯವಸ್ಥೆಯಲ್ಲಿ ಕೊರಿಯಾ ದೇಶದ ನಾಣ್ಯದ ದರವನ್ನು ಒಂದು ಆಕರವು ನಿಜವಾದುದಕ್ಕಿಂತ ಸಾವಿರ ಪಟ್ಟು ಹೆಚ್ಚಾಗಿ ವರದಿ ಮಾಡಿದಾಗ ಉಳಿದ ಸಾಕ್ಷಿಗಳು ಅದನ್ನು ಬದಿಗೊತ್ತುವಷ್ಟು ಸಂಖ್ಯೆಯಲ್ಲಿ ಉಳಿದಿರಲಿಲ್ಲ. ಸ್ವಯಂಚಾಲಿತ ವ್ಯಾಪಾರದ ಯಂತ್ರವೊಂದು ಆ ದರದಲ್ಲಿ ಕೊಂಡು ಮಾರಿ ಅಪಾರ ಮೊತ್ತವನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿತು. ಕೊನೆಗೆ ಅದು ಹಿಂದಿರುಗಿದುದು ಯಂತ್ರದ ಮಾಲೀಕನೊಡನೆ ನಡೆದ ಮಾತುಕತೆಯಿಂದ, ಎಂದರೆ ಮನುಷ್ಯರ ನಡುವಿನ ರಾಜಿಯಿಂದ. 2020ರ ನವೆಂಬರಿನಲ್ಲಿ ಕಾಂಪೌಂಡ್ ಎಂಬ ಸಾಲದ ವ್ಯವಸ್ಥೆಯಲ್ಲಿ ನಡೆದುದು ಇದಕ್ಕಿಂತ ಸ್ವಾರಸ್ಯವಾದುದು. ಒಂದು ಡಾಲರಿನ ಸುತ್ತ ನಿಲ್ಲಬೇಕಾದ ನಾಣ್ಯವು ಒಂದೇ ಒಂದು ಪೇಟೆಯಲ್ಲಿ ಕೆಲಹೊತ್ತು 1.30 ಡಾಲರಿಗೆ ಏರಿತು. ಒರಾಕಲ್ ಅದನ್ನು ಇದ್ದಂತೆ ವರದಿ ಮಾಡಿತು. ಎಂಟು ಕೋಟಿ ಡಾಲರಿಗೂ ಹೆಚ್ಚಿನ ಅಡವುಗಳು ಮುಟ್ಟುಗೋಲಾದವು. ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಆ ಪೇಟೆಯಲ್ಲಿ ಆ ಬೆಲೆಗೆ ವ್ಯಾಪಾರ ನಡೆದುದು ಸತ್ಯ. ಆ ಪೇಟೆಯ ಬೆಲೆಯೇ ಲೋಕದ ಬೆಲೆಯೆಂದು ಕರಾರು ಭಾವಿಸಿದುದರಲ್ಲಿ ದೋಷವಿದೆ.

ಗ್ರಂಥಸಂಪಾದನೆಯ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಕಾವ್ಯಕ್ಕೆ ಹನ್ನೆರಡು ಓಲೆಯ ಪ್ರತಿಗಳು ದೊರೆತುವೆಂದು ಸಂಪಾದಕನು ಹಿಗ್ಗುವುದಿಲ್ಲ. ಅವುಗಳಲ್ಲಿ ಹತ್ತು ಪ್ರತಿಗಳು ಒಂದೇ ಮಾತೃಕೆಯಿಂದ ಇಳಿದುವಾದರೆ ಆ ಹತ್ತಕ್ಕೂ ಒಂದೇ ಮತ. ಬಹುಮತದಿಂದ ಪಾಠವನ್ನು ನಿರ್ಣಯಿಸುವವನನ್ನು ನಾವು ಒಳ್ಳೆಯ ಸಂಪಾದಕನೆನ್ನುವುದಿಲ್ಲ. ಪ್ರತಿಗಳ ವಂಶವೃಕ್ಷವನ್ನು ಮೊದಲು ಕಟ್ಟಬೇಕು. ಒರಾಕಲ್ ಸಾಹಿತ್ಯದಲ್ಲಿ ಈ ವಂಶವೃಕ್ಷದ ಕೆಲಸವು ಮುಂದಿನ ಸಂಶೋಧನೆಯ ಪಟ್ಟಿಯಲ್ಲಿ ಉಳಿಯಿತೇ ಹೊರತು ಕರಾರಿನ ಅಂಗವಾಗಲಿಲ್ಲ.

ಮಳೆಯ ವಿಷಯದಲ್ಲಂತೂ ಈ ಉಪಾಯವು ಬುಡದಲ್ಲೇ ಸಡಿಲ. ನಾಣ್ಯದ ದರವು ನೂರು ಪೇಟೆಗಳಲ್ಲಿ ನೂರು ಪ್ರತಿಗಳಾಗಿ ಇರುತ್ತದೆ. ಸಿಂಗಟಾಲೂರಿನ ಒಂದು ಹೊಲದ ಮೇಲೆ ಆಷಾಢದ ಒಂದು ಸಂಜೆ ಬಿದ್ದ ಮಳೆಗೆ ಪ್ರತಿಗಳಿಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, 1988ರಲ್ಲಿ ಬರಗಾಲದ ಉಸ್ತುವಾರಿಗಾಗಿ ಹುಟ್ಟಿದ ಸಂಸ್ಥೆಯದು, ಗ್ರಾಮ ಪಂಚಾಯತಿಯ ಮಟ್ಟದವರೆಗೆ ಆರು ಸಾವಿರಕ್ಕೂ ಹೆಚ್ಚು ದೂರಸಂವೇದಿ ಮಾಪಕಗಳನ್ನು ನಿಲ್ಲಿಸಿದೆ. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ತರಿಸುವ ಇಂಥ ಜಾಲವನ್ನು ಹೊಂದಿರುವುದು ಕರ್ನಾಟಕದ ಹೆಮ್ಮೆ. ಆದರೂ ಒಂದು ಪಂಚಾಯತಿಗೆ ಒಂದು ಮಾಪಕವೆಂದರೆ ಒಂದೇ ಸಾಕ್ಷಿ. ‘ಎತ್ತಿನ ಒಂದು ಕೋಡಿಗೆ ಮಳೆ, ಇನ್ನೊಂದು ಕೋಡಿಗೆ ಬಿಸಿಲು’ ಎಂಬ ಸೀಮೆ ಇದು. ಕೃತಕ ಉಪಗ್ರಹದ ಅಂದಾಜನ್ನು ಎರಡನೆಯ ಸಾಕ್ಷಿಯಾಗಿ ಕರೆಯಬಹುದೆಂದರೆ, ಹೆಚ್ಚು ಬಳಕೆಯಲ್ಲಿರುವ ಚಿರ್ಪ್ಸ್ ಎಂಬ ಲೆಕ್ಕವು ಸುಮಾರು ಐದೂವರೆ ಕಿಲೋಮೀಟರ್ ಚೌಕಕ್ಕೆ ಒಂದು ಅಂಕಿ ಕೊಡುತ್ತದೆ. ಅಲ್ಲದೆ ಆ ಅಂಕಿಯನ್ನು ನೆಲದ ಮೇಲಿನ ಮಾಪಕಗಳ ಲೆಕ್ಕದಿಂದಲೇ ತಿದ್ದಿ ಸರಿಪಡಿಸಿರುತ್ತಾರೆ. ಆಕಾಶದಿಂದ ಬಂದ ಸಾಕ್ಷಿಯೆಂದು ನಾವು ಎಣಿಸಿದುದರ ವಂಶವೃಕ್ಷವೂ ಕೊನೆಗೆ ನೆಲಕ್ಕೇ ಬಂದು ಮುಟ್ಟುತ್ತದೆ.

ಈ ಒಂಟಿ ಸಾಕ್ಷಿಯ ಬಾಯಿ ಕಟ್ಟುವುದೂ ಬಾಯಿ ಬಿಡಿಸುವುದೂ ಎಷ್ಟು ಸುಲಭವೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ನಮ್ಮ ದೇಶದಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಸೈಮನ್ಸ್ ಮಾಪಕದ ಬಾಯಿಯ ವ್ಯಾಸ 127 ಮಿಲಿಮೀಟರ್. ಅದರ ವಿಸ್ತೀರ್ಣವನ್ನು ಗುಣಿಸಿದರೆ 10 ಮಿಲಿಮೀಟರ್ ಮಳೆಯೆಂದರೆ ಸುಮಾರು 127 ಮಿಲಿಲೀಟರ್ ನೀರು. ಅರ್ಧ ತಂಬಿಗೆಯೂ ಅಲ್ಲ, ಒಂದು ಸಣ್ಣ ಲೋಟ. ಕೊಡಬೇಕಾದವನ ಕಡೆಯವನು ಅಷ್ಟನ್ನು ಸುರಿದರೆ ಬರಗಾಲ ತೊಲಗುತ್ತದೆ. ಪಡೆಯಬೇಕಾದವನು ಬಾಯಿಗೊಂದು ತಗಡು ಮುಚ್ಚಿದರೆ ಬರಗಾಲ ಬರುತ್ತದೆ. ಇದು ಕೇವಲ ಕಲ್ಪನೆಯಲ್ಲ. ಅಮೆರಿಕದ ಕೊಲೊರಾಡೊ ಮತ್ತು ಕ್ಯಾನ್ಸಸ್ ಪ್ರಾಂತಗಳಲ್ಲಿ 2016–17ರ ಸುಮಾರಿನಲ್ಲಿ ಇಬ್ಬರು ದನಗಾರರು ಸರ್ಕಾರಿ ಮಳೆಮಾಪಕಗಳನ್ನು ಮುಚ್ಚಿ, ತಂತಿ ಕತ್ತರಿಸಿ, ಹುಲ್ಲುಗಾವಲಿನ ವಿಮೆಯ ಹಣ ಪಡೆದ ಪ್ರಕರಣವು ನ್ಯಾಯಾಲಯದವರೆಗೆ ಹೋಗಿ, ಅವರು ಒಟ್ಟು ಅರವತ್ತು ಲಕ್ಷ ಡಾಲರಿಗೂ ಮಿಕ್ಕ ಹಣ ತೆರಬೇಕಾಯಿತು. ಆ ಮಾಪಕಗಳ ಲೆಕ್ಕವನ್ನು ಬ್ಲಾಕ್‌ಚೈನಿಗೆ ಸಾಗಿಸಿದ್ದರೆ ಮುಚ್ಚಿದ ಬಾಯಿಯ ಸೊನ್ನೆಯೇ ಯಾರೂ ಅಳಿಸಲಾಗದ ಸೊನ್ನೆಯಾಗಿ ಉಳಿಯುತ್ತಿತ್ತು.

ಮೋಸವಿಲ್ಲದೆಯೂ ಸೊನ್ನೆ ಬರುತ್ತದೆ. ಈಗಿನ ಮಾಪಕಗಳಲ್ಲಿ ಪುಟ್ಟ ಜೋಡಿ ಬಟ್ಟಲು ತುಂಬಿದಾಗಲೆಲ್ಲ ಮಗುಚಿ ಒಂದೊಂದು ಎಣಿಕೆ ಕೊಡುತ್ತದೆ. ಲಾಳಿಕೆಯ ಕಂಡಿಯನ್ನು ಎಲೆಯೋ ಎರೆಮಣ್ಣಿನ ಧೂಳೋ ಜೇಡರ ಬಲೆಯೋ ಮುಚ್ಚಿದರೆ ಬಟ್ಟಲು ಮಗುಚದು. ಮಳೆಯಿಲ್ಲದಾಗಲೂ ಮಗುಚದು. ಯಂತ್ರಕ್ಕೆ ಎರಡೂ ಒಂದೇ. ಮೌನದಿಂದ ಅಭಾವವನ್ನು ಊಹಿಸುವ ಈ ವಾದದಲ್ಲಿ ಎಷ್ಟು ಇತಿಹಾಸಕಾರರು ಜಾರಿಬಿದ್ದಿದ್ದಾರೆಂಬುದು ವಿದ್ಯಾರ್ಥಿಗಳಿಗೆ ಗೊತ್ತು. ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪಿದ ಭಾಟ್ಟ ಮೀಮಾಂಸಕರೂ ಅದಕ್ಕೆ ಯೋಗ್ಯತೆಯ ಕಟ್ಟು ಹಾಕಿದರು: ವಸ್ತುವು ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. ಕತ್ತಲೆಯಲ್ಲಿ ಗಡಿಗೆ ಕಾಣದಿದ್ದುದರಿಂದ ಗಡಿಗೆಯಿಲ್ಲವೆನ್ನಲಾಗದು. ಆದುದರಿಂದ ಮಾಪಕದ ಸೊನ್ನೆಯ ಜೊತೆಗೆ, ಆ ಗಳಿಗೆಯಲ್ಲಿ ಮಾಪಕವು ಅಳೆಯುವ ಸ್ಥಿತಿಯಲ್ಲಿತ್ತೆಂಬುದರ ಸಾಕ್ಷ್ಯವೂ ಬೇಕು. ಕೊನೆಯ ಸಲ ಅದನ್ನು ತೊಳೆದು ಪರೀಕ್ಷಿಸಿದ ದಿನ, ಪರೀಕ್ಷಿಸಿದವರ ಹೆಸರು, ಸುತ್ತಲಿನ ಮಾಪಕಗಳ ಅದೇ ಗಳಿಗೆಯ ಲೆಕ್ಕ. ಇದು ದೊಡ್ಡ ವಿದ್ಯೆಯಲ್ಲ, ಒಂದು ದಫ್ತರದ ಕೆಲಸ. ಸಾಹಿತ್ಯದಲ್ಲಿ ಇದಕ್ಕೆ ಸಿಕ್ಕಿರುವ ಪುಟಗಳು ಸಹಿಮುದ್ರೆಯ ಗಣಿತಕ್ಕೆ ಸಿಕ್ಕಿರುವ ಪುಟಗಳ ಮುಂದೆ ಅತ್ಯಲ್ಪ.

ಮಾಪಕವನ್ನು ಬಿಟ್ಟು ಬೆಳೆಯನ್ನೇ ಅಳೆಯೋಣವೆಂದರೆ ಅದಕ್ಕೂ ನಮ್ಮಲ್ಲಿ ದೀರ್ಘವಾದ ಇತಿಹಾಸವಿದೆ. 2016ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಪರಿಹಾರದ ಮುಖ್ಯ ಆಧಾರವು ಬೆಳೆ ಕಟಾವು ಪ್ರಯೋಗ. ಯಾದೃಚ್ಛಿಕವಾಗಿ ಆರಿಸಿದ ಹೊಲದಲ್ಲಿ ಅಳತೆಯ ಚೌಕವನ್ನು ಕೊಯ್ದು ತೂಗುವುದು. ಈ ಚೌಕ ಎಷ್ಟು ದೊಡ್ಡದಿರಬೇಕೆಂಬುದನ್ನು ಕುರಿತು 1940ರ ದಶಕದಲ್ಲಿ ಮಹಾಲನೋಬಿಸರಿಗೂ ಪಿ. ವಿ. ಸುಖಾತ್ಮೆಯವರಿಗೂ ನಡೆದ ವಾದ ಪ್ರಸಿದ್ಧವಾದುದು. ತೀರ ಸಣ್ಣ ತುಂಡನ್ನು ಕೊಯ್ದರೆ ಅಂಚಿನ ಗಿಡಗಳು ಒಳಕ್ಕೆ ಸೇರಿ ಇಳುವರಿ ಹೆಚ್ಚೆಂದು ತೋರುತ್ತದೆಂದು ಸುಖಾತ್ಮೆಯವರು ತೋರಿಸಿಕೊಟ್ಟರು. ಕೊಯ್ಯುವವನು ಪ್ರಾಮಾಣಿಕ, ತಕ್ಕಡಿ ಸರಿ, ಲೆಕ್ಕ ಸರಿ. ಆದರೂ ಅಂಕಿ ತಪ್ಪು.

ಇಂಥ ಅಂಕಿಯ ಮೇಲೆ ಬದುಕು ನಿಂತಾಗ ಏನಾಗುತ್ತದೆಂಬುದಕ್ಕೆ ಹಳೆಯ ಮುಂಬಯಿ ಪ್ರಾಂತದ ಆಣೆವಾರಿ ಪದ್ಧತಿಯನ್ನು ನೋಡಬೇಕು. ಮುಂಡರಗಿಯ ಸೀಮೆಯೂ ಆಗ ಧಾರವಾಡ ಜಿಲ್ಲೆಗೆ ಸೇರಿ ಆ ಪ್ರಾಂತದಲ್ಲಿಯೇ ಇತ್ತು. ಪೂರ್ಣ ಬೆಳೆಯನ್ನು ಹದಿನಾರಾಣೆಯೆಂದಿಟ್ಟುಕೊಂಡು, ಬೆಳೆ ನಾಲ್ಕಾಣೆಗಿಂತ ಕಡಿಮೆಯಾದರೆ ಆ ವರ್ಷ ಕಂದಾಯದ ವಸೂಲಿಯನ್ನು ಪೂರ್ತಿ ತಡೆಹಿಡಿಯುವುದು, ನಾಲ್ಕಕ್ಕೂ ಆರಕ್ಕೂ ನಡುವೆಯಾದರೆ ಅರ್ಧ ತಡೆಹಿಡಿಯುವುದು, ಎಂಬ ನಿಯಮವು ಯಂತ್ರಕ್ಕೆ ಬರೆದುಕೊಟ್ಟಷ್ಟು ಸ್ಪಷ್ಟವಾಗಿತ್ತು. 1918ರಲ್ಲಿ ಗುಜರಾತದ ಖೇಡಾ ಜಿಲ್ಲೆಯಲ್ಲಿ ಈ ನಿಯಮವನ್ನು ಯಾರೂ ಅಲ್ಲಗಳೆಯಲಿಲ್ಲ. ಅಧಿಕಾರಿಗಳು ಬೆಳೆ ನಾಲ್ಕಾಣೆಗೆ ಮೇಲೆಂದರು. ರೈತರೂ ಹಳ್ಳಿ ಹಳ್ಳಿ ಸುತ್ತಿ ವಿಚಾರಿಸಿದ ಗಾಂಧೀಜಿಯವರೂ ಕೆಳಗೆಂದರು. ಸತ್ಯಾಗ್ರಹವು ನಡೆದುದು ಅಂಕಿಯ ಮೇಲೆ. ಸ್ವತಂತ್ರ ವಿಚಾರಣೆಯಾಗಲೆಂಬ ಬೇಡಿಕೆಗೆ ಸರ್ಕಾರ ಒಪ್ಪಲಿಲ್ಲ. ಆ ಬೆಳೆ ಎಷ್ಟು ಆಣೆಯದೆಂಬುದು ಕೊನೆಗೂ ತೀರ್ಮಾನವಾಗಲಿಲ್ಲ. ಕೊಡಬಲ್ಲವರಿಂದ ಮಾತ್ರ ವಸೂಲು ಮಾಡತಕ್ಕದ್ದೆಂಬ ಆಜ್ಞೆಯಿಂದ ಹೋರಾಟ ನಿಂತಿತು.

ಹೊಸ ಸಾಹಿತ್ಯದಲ್ಲಿಯೂ ತಕರಾರಿಗೆ ಅವಕಾಶವಿರುವ ಒಂದು ಬಗೆಯಿದೆ. ಒಬ್ಬನು ಠೇವಣಿಯಿಟ್ಟು ಒಂದು ಸಂಗತಿಯನ್ನು ಘೋಷಿಸುತ್ತಾನೆ. ಗೊತ್ತುಪಡಿಸಿದ ಗಂಟೆಗಳೊಳಗೆ ಇನ್ನೊಬ್ಬನು ಠೇವಣಿಯಿಟ್ಟು ವಿರೋಧಿಸದಿದ್ದರೆ ಅದು ಸತ್ಯವೆಂದು ದಾಖಲಾಗುತ್ತದೆ. ಪಹಣಿಯ ಹಕ್ಕು ಬದಲಾವಣೆಗೆ ನೋಟೀಸು ಹಚ್ಚಿ ತಕರಾರು ಕೇಳುವ ನಮ್ಮ ಕಂದಾಯ ಇಲಾಖೆಯ ಕ್ರಮಕ್ಕೆ ಇದು ಹತ್ತಿರವಾಗಿದೆ. ಆ ನೋಟೀಸನ್ನು ಓದದವರ ಗತಿ ಏನಾಗುತ್ತದೆಂಬುದನ್ನೂ ನಮ್ಮ ಹಳ್ಳಿಗಳು ಬಲ್ಲವು. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನಂಥ ಸ್ಥಳೀಯ ನಷ್ಟವನ್ನು 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮವೇ ಅನೇಕರಿಗೆ ತಿಳಿದಿರುವುದಿಲ್ಲ. ಠೇವಣಿಯಿಟ್ಟು, ಇಂಗ್ಲಿಷಿನ ಪರದೆಯ ಮೇಲೆ, ಕೆಲವೇ ಗಂಟೆಗಳೊಳಗೆ, ಮಾಪಕವು ಕಟ್ಟಿಕೊಂಡಿತ್ತೆಂದು ವಾದಿಸುವ ಒಕ್ಕಲಿಗನನ್ನು ಈ ಸಾಹಿತ್ಯದ ಕರ್ತೃಗಳು ಎಲ್ಲಿ ಕಂಡರೋ ತಿಳಿಯದು.

2020ರ ಜನವರಿಯಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಬೆಂಗಳೂರಿನಲ್ಲಿ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರವನ್ನು ಆರಂಭಿಸಿದೆ. ಸರ್ಕಾರದ ದಾಖಲೆಗಳು ಒಂದೊಂದಾಗಿ ಈ ಪುಸ್ತಕಕ್ಕೆ ಏರುವ ಸಂಭವವಿದೆ. ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದು ಇದರಲ್ಲಿದೆ. ತಮ್ಮ ತಮ್ಮ ಊರಿನ ಮಳೆಮಾಪಕ ಯಾವಾಗ ನೆಟ್ಟಿತು, ಎಲ್ಲೆಲ್ಲಿಗೆ ಸ್ಥಳಾಂತರವಾಯಿತು, ಅದರ ಹತ್ತಿರ ಮರ ಬೆಳೆಯಿತೇ, ಗೋಡೆ ಎದ್ದಿತೇ, ಎಷ್ಟು ತಿಂಗಳು ಕೆಟ್ಟು ನಿಂತಿತ್ತು, ನೋಡಿಕೊಳ್ಳುವವರು ಯಾರು, ಎಂಬುದನ್ನು ದೇವಾಲಯದ ಶಾಸನವನ್ನು ಪಡಿಯಚ್ಚು ತೆಗೆದಷ್ಟೇ ಶ್ರದ್ಧೆಯಿಂದ ದಾಖಲಿಸುವುದು. ಸಿಂಗಟಾಲೂರಿನಿಂದ ಆರಂಭಿಸಬಹುದು, ಮುಂದಿನ ಸಂಚಿಕೆಗೆ ಆ ಹೋಬಳಿಯ ಮಾಪಕಗಳ ಚರಿತ್ರೆಯನ್ನು ಯಾರಾದರೂ ಬರೆದು ಕಳುಹಿಸಿದರೆ, ಚಕ್ರವರ್ತಿಯವರ ಗ್ರಂಥವನ್ನು ಪಕ್ಕದಲ್ಲಿಟ್ಟುಕೊಂಡು ಅದನ್ನು ಓದಲು ಈ ಲೇಖಕನು ಕಾತರನಾಗಿದ್ದಾನೆ.